ಬಸ್ಸು ಬಿಡಲು ಹೊರಟ ಹುಡುಗ, ಆಕ್ಷೇಪ ಹಾಕಿದ ಬಸ್ಸಿನವರು: ಮುಕ್ತ ಮಾರುಕಟ್ಟೆ ನಿಜವಾಗಿ ಯಾರಿಗೆ ಬೇಕು?

ಒಳದಾರಿ · ಶನಿವಾರ, ರಾತ್ರಿ 9:12

ಸ್ವಲ್ಪ ಉದ್ದ ಆಗುತ್ತದೆ, ಊಟ ಮುಗಿಸಿ ಓದಿ.

ನನ್ನ ಅಕ್ಕನ ಮಗನಿಗೆ ಇಪ್ಪತ್ತೆಂಟು ವರ್ಷ. ಮಸ್ಕತ್‌ನಲ್ಲಿ ನಾಲ್ಕು ವರ್ಷ ಟ್ರೈಲರ್ ಓಡಿಸಿ ಬಂದ. ಕೈಯಲ್ಲಿ ಸ್ವಲ್ಪ ದುಡ್ಡು ಉಂಟು. ನಮ್ಮದು ಕಾರ್ಕಳ ತಾಲೂಕಿನ ಒಂದು ಒಳ ಊರು. ಕಾಲೇಜಿನ ಮಕ್ಕಳು, ಗೇರುಬೀಜದ ಫ್ಯಾಕ್ಟರಿಗೆ ಹೋಗುವ ಹೆಂಗಸರು, ಬಿ.ಪಿ. ಮಾತ್ರೆಗೆ ಪೇಟೆಗೆ ಹೋಗುವ ಮುದುಕರು, ಎಲ್ಲರೂ ಎರಡು ಕಿಲೋಮೀಟರ್ ನಡೆದು ಮೇನ್ ರೋಡಿಗೆ ಬರಬೇಕು. ಇವನು ಒಂದು ಸಣ್ಣ ಬಸ್ಸು ಹಾಕಿ ಬೆಳಿಗ್ಗೆ ಎರಡು ಟ್ರಿಪ್, ಸಂಜೆ ಎರಡು ಟ್ರಿಪ್ ಬಿಡುತ್ತೇನೆ ಅಂದ. ಊರಿಗೆ ಊರೇ ಖುಷಿ.

ಪರ್ಮಿಟ್‌ಗೆ ಅರ್ಜಿ ಹಾಕಿ ಹದಿನಾಲ್ಕು ತಿಂಗಳಾಯಿತು. ನಾಲ್ಕು ಸಲ ವಿಚಾರಣೆ. ಫೈಲು ಮೊದಲು ನಿಂತದ್ದು ಯಾರಿಂದ ಗೊತ್ತುಂಟಾ? ಕಚೇರಿಯವರಿಂದ ಅಲ್ಲ. ಮೇನ್ ರೋಡಿನಲ್ಲಿ ಈಗಾಗಲೇ ಓಡಿಸುತ್ತಿರುವ ಇಬ್ಬರು ಬಸ್ಸಿನ ಮಾಲೀಕರಿಂದ. "ಈ ದಾರಿಯಲ್ಲಿ ಸಾಕಷ್ಟು ಬಸ್ಸು ಉಂಟು, ಇನ್ನೊಂದು ಬೇಡ" ಅಂತ ಆಕ್ಷೇಪ. ನಮ್ಮ ಒಳದಾರಿಯಲ್ಲಿ ಒಂದೇ ಒಂದು ಬಸ್ಸಿಲ್ಲ ಮಾರಾಯ್ರೇ! ಪೇಟೆಗೆ ಸೇರುವ ಕೊನೆಯ ಆರು ಕಿಲೋಮೀಟರ್ ಮಾತ್ರ ಅವರ ದಾರಿ.

ನನಗೆ ನಗು ಬಂದದ್ದು ಬೇರೆ ಕಾರಣಕ್ಕೆ. ಆ ಇಬ್ಬರಲ್ಲಿ ಒಬ್ಬರು ಕಳೆದ ವರ್ಷ ಒಂದು ಮದುವೆ ಊಟದಲ್ಲಿ ನನ್ನ ಪಕ್ಕದಲ್ಲೇ ಕೂತಿದ್ದರು. ಶಕ್ತಿ ಯೋಜನೆಗೆ ಬೈಯುತ್ತಾ, "ಸರ್ಕಾರ ವ್ಯಾಪಾರಕ್ಕೆ ಕೈ ಹಾಕಲೇಬಾರದು, ಮಾರುಕಟ್ಟೆಗೆ ಬಿಟ್ಟುಬಿಡಬೇಕು" ಅಂತ ಪಾಯಸ ಮುಗಿಯುವವರೆಗೂ ಹೇಳಿದ್ದರು. ನಾನೂ ತಲೆಯಾಡಿಸಿದ್ದೆ. ಈಗಲೂ ನನ್ನ ಅಭಿಪ್ರಾಯ ಅದೇ.

ಕಾನೂನು ಏನು ಹೇಳುತ್ತದೆ ಅಂತ ಹುಡುಕಿದೆ. 1939ರ ಹಳೆಯ ಮೋಟಾರು ವಾಹನ ಕಾಯ್ದೆಯಲ್ಲಿ ಹಳೆಯ ಬಸ್ಸಿನವರಿಗೆ ಹೊಸಬರ ಅರ್ಜಿಗೆ ಆಕ್ಷೇಪ ಹಾಕುವ ಹಕ್ಕಿತ್ತು. 1988ರ ಕಾಯ್ದೆ ಅದನ್ನು ಬದಲಿಸಿತು. ಸಾಮಾನ್ಯವಾಗಿ ಪರ್ಮಿಟ್ ನಿರಾಕರಿಸಬಾರದು ಅಂತ 80ನೇ ಸೆಕ್ಷನ್ನಿನಲ್ಲೇ ಉಂಟು. 1991ರಲ್ಲಿ ಮಿಥಿಲೇಶ್ ಗರ್ಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ, ಹೊಸಬರು ಬಂದರೆ ನನ್ನ ಕಲೆಕ್ಷನ್ ಕಡಿಮೆಯಾಗುತ್ತದೆ ಎಂಬುದು ದೂರೇ ಅಲ್ಲ ಎಂಬ ಅರ್ಥದಲ್ಲಿ ತೀರ್ಪು ಕೊಟ್ಟಿತು. ಆಗಿ ಮೂವತ್ತು ವರ್ಷ ದಾಟಿತು. ಕಾಗದದಲ್ಲಿ ಬಾಗಿಲು ತೆರೆದೇ ಉಂಟು. ಹೊಸ್ತಿಲ ಮೇಲೆ ಹಳಬರು ಕೂತಿದ್ದಾರೆ.

ಹಾಗಾಗಿ ನನ್ನ ಪ್ರಶ್ನೆ. ವ್ಯಾಪಾರಿಯ ಪರ ಇರುವುದು ಬೇರೆ, ಮಾರುಕಟ್ಟೆಯ ಪರ ಇರುವುದು ಬೇರೆ. ನಮ್ಮ ದಕ್ಷಿಣ ಕನ್ನಡ, ಉಡುಪಿ ಎರಡು ಜಿಲ್ಲೆಗಳಲ್ಲಿ ವ್ಯಾಪಾರಿಯ ಪರ ಇರುವವರು ಗಲ್ಲಿಗೆ ಹತ್ತು ಜನ ಸಿಗುತ್ತಾರೆ. ಮಾರುಕಟ್ಟೆಯ ಪರ ಯಾರಾದರೂ ಇದ್ದಾರಾ?

---

ಸ್ಟೇಟ್‌ಬ್ಯಾಂಕ್ ಸ್ಟಾಪ್ · ಶನಿವಾರ, ರಾತ್ರಿ 9:50

ಪೈಪೋಟಿ ಜಾಸ್ತಿಯಾಗಲಿ ಅನ್ನುವವರು ಒಮ್ಮೆ ಬೆಳಿಗ್ಗೆ ಒಂಬತ್ತಕ್ಕೆ ಮಂಗಳೂರಿನ ಹಂಪನಕಟ್ಟೆಯಲ್ಲಿ ನಿಂತು ನೋಡಬೇಕು. ನಮ್ಮೂರಲ್ಲಿ ಪೈಪೋಟಿ ಅಂದರೆ ಓವರ್‌ಟೇಕ್. ಹಿಂದಿನ ಬಸ್ಸಿನವನು ಹಾರ್ನ್ ಹಾಕಿದ ಅಂತ ಮುಂದಿನವನು ಸ್ಟಾಪಿನಲ್ಲಿ ನಿಂತ ಅಜ್ಜಿಯನ್ನು ಬಿಟ್ಟೇ ಹೋಗುತ್ತಾನೆ.

ನಾನು ಖಾಸಗಿ ಬಸ್ಸಿನ ವಿರೋಧಿ ಅಲ್ಲ. ಮಂಗಳೂರಿನಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿ, ಅಂದರೆ ಸಿ.ಪಿ.ಸಿ., ಶುರುವಾದದ್ದು 1914ರಲ್ಲಿ. ಘಟ್ಟದ ಮೇಲೆ ಕೆಂಪು ಬಸ್ಸಿಗೆ ಗಂಟೆಗಟ್ಟಲೆ ಕಾಯುವ ಕಾಲದಲ್ಲೂ ನಮ್ಮಲ್ಲಿ ಐದೈದು ನಿಮಿಷಕ್ಕೆ ಬಸ್ಸು ಇತ್ತು. ಅದರ ಹೆಮ್ಮೆ ನನಗೂ ಉಂಟು. ಆದರೆ ರಸ್ತೆ ಇರುವುದು ಒಂದೇ. ಬಸ್ಸು ಎಷ್ಟು ಬೇಕಾದರೂ ಬಿಡಬಹುದು, ರಸ್ತೆ ಎಲ್ಲಿಂದ ತರುತ್ತೀರಿ? ಐದು ಲಕ್ಷಕ್ಕಿಂತ ಕಡಿಮೆಯಿಲ್ಲದ ಜನಸಂಖ್ಯೆಯ ಪೇಟೆಗಳಲ್ಲಿ ಸಿಟಿ ಬಸ್ಸಿನ ಸಂಖ್ಯೆಗೆ ಮಿತಿ ಹಾಕಲು ಅದೇ 1988ರ ಕಾಯ್ದೆಯಲ್ಲಿ ದಾರಿ ಉಂಟು. ಸುಮ್ನೆ ಇಟ್ಟದ್ದಲ್ಲ.

---

ಒಳದಾರಿ · ಶನಿವಾರ, ರಾತ್ರಿ 10:05

ಹಂಪನಕಟ್ಟೆಯ ಔಷಧಿಯನ್ನು ನಮ್ಮ ಗುಡ್ಡದ ಊರಿಗೆ ಕುಡಿಸಬೇಡಿ ಸರ್. ಇಲ್ಲಿ ಇರುವ ಟ್ರಾಫಿಕ್ ಅಂದರೆ ಸಂಜೆ ಹಟ್ಟಿಗೆ ಬರುವ ದನ.

ಇನ್ನು ಓವರ್‌ಟೇಕ್ ಬಗ್ಗೆ. ಡ್ರೈವರಿಗೆ, ಕಂಡಕ್ಟರಿಗೆ ಕಲೆಕ್ಷನ್ ಮೇಲೆ ಬಾಟಾ ಕೊಟ್ಟರೆ ಅವನು ಓಡದೆ ಏನು ಮಾಡುತ್ತಾನೆ? ಪರ್ಮಿಟ್ ಸಂಖ್ಯೆಗೆ ಮಿತಿ ಹಾಕಿದರೆ ಆ ಓಟ ನಿಲ್ಲುವುದಿಲ್ಲ. ಮಿತಿ ಹಾಕಿದಲ್ಲೆಲ್ಲ ಇನ್ನೊಂದು ಆಗುತ್ತದೆ. ಪರ್ಮಿಟ್ಟಿಗೇ ಬೆಲೆ ಬರುತ್ತದೆ. ಸರ್ಕಾರಕ್ಕೆ ಕಟ್ಟಿದ ಫೀಸು ಸ್ವಲ್ಪ, ಬಸ್ಸು ಮಾರುವಾಗ ಆ ಕಾಗದದ ಹೆಸರಿನಲ್ಲಿ ಕೈ ಬದಲಾಗುವ ದುಡ್ಡು ಲಕ್ಷಗಟ್ಟಲೆ. ಅದನ್ನು ಕೊಟ್ಟು ಬಂದವನು ಹೊಸಬನನ್ನು ಬಿಡುತ್ತಾನಾ?

---

ಎರಡು ಬಸ್ಸು · ಶನಿವಾರ, ರಾತ್ರಿ 10:41

ಆಕ್ಷೇಪ ಹಾಕುವ ಜಾತಿಗೆ ಸೇರಿದವನು ನಾನು. ನಿಮ್ಮ ಅಕ್ಕನ ಮಗನಿಗೆ ಹಾಕಿದ್ದು ನಾನಲ್ಲ ಅಂದುಕೊಳ್ಳುತ್ತೇನೆ. ಆದರೂ ನಮ್ಮ ಕಡೆಯದ್ದೂ ಕೇಳಿ.

ಮೂರು ತಿಂಗಳಿಗೊಮ್ಮೆ ಸೀಟಿನ ಲೆಕ್ಕದಲ್ಲಿ ತೆರಿಗೆ ಕಟ್ಟಬೇಕು. ಬಸ್ಸು ತುಂಬಲಿ, ಖಾಲಿ ಓಡಲಿ. ಟಿಕೆಟ್ ದರ ನಾನು ನಿಗದಿ ಮಾಡುವುದಲ್ಲ. ಡೀಸೆಲ್ ಏರಿದ ದಿನ ನನ್ನ ದರ ಏರುವುದಿಲ್ಲ. ಮಳೆಗಾಲದಲ್ಲಿ ಟಯರ್, ಬ್ರೇಕ್ ಲೈನರ್ ಖರ್ಚು ಕೇಳಲೇಬೇಡಿ. 2023ರ ಜೂನ್ 11ಕ್ಕೆ ಶಕ್ತಿ ಬಂತು. ಕೆಎಸ್‌ಆರ್‌ಟಿಸಿ ಬಸ್ಸು ಓಡುವ ದಾರಿಯಲ್ಲಿ ನನ್ನ ಬೆಳಗಿನ ಟ್ರಿಪ್ಪಿನ ಹೆಂಗಸರೆಲ್ಲ ಆ ಕಡೆ ಹೋದರು. ಅವರ ತಪ್ಪಲ್ಲ. ಪುಕ್ಕಟೆ ಬಸ್ಸು ನಿಂತಿರುವಾಗ ನನ್ನ ತಂಗಿಯೂ ಅದನ್ನೇ ಹತ್ತುತ್ತಾಳೆ.

ದರ ಸರ್ಕಾರದ್ದು, ಟೈಮಿಂಗ್ ಸರ್ಕಾರದ್ದು, ಎದುರಾಳಿಗೆ ದುಡ್ಡೂ ಸರ್ಕಾರದ್ದು. ನನಗೆ ಉಳಿದ ಒಂದೇ ರಕ್ಷಣೆ ಈ ಪರ್ಮಿಟ್. ಅದನ್ನೂ ಬಿಡು, ನೀನು ಮುಕ್ತ ಮಾರುಕಟ್ಟೆಯವನು ಅಲ್ವಾ ಅಂತ ಕೇಳಿದರೆ, ಕೈಕಾಲು ಕಟ್ಟಿ ಈಜು ಅಂದ ಹಾಗೆ.

---

ಒಳದಾರಿ · ಶನಿವಾರ, ರಾತ್ರಿ 11:20

ಇದು ಪ್ರಾಮಾಣಿಕ ಮಾತು. ಒಪ್ಪುತ್ತೇನೆ. ನಿಮ್ಮ ಮೇಲಿನ ಕಟ್ಟು ಬಿಚ್ಚಬೇಕು, ಹೊಸಬನ ಮೇಲೆ ಹೊಸ ಕಟ್ಟು ಹಾಕಬಾರದು. ನಾವು ಕೇಳುವುದು ಯಾವಾಗಲೂ ಉಲ್ಟಾ. ನನ್ನ ಕಟ್ಟು ಬಿಚ್ಚಲು ಆಗದಿದ್ದರೆ ಅವನಿಗೂ ಒಂದು ಹಾಕಿ ಅಂತ.

ಶಕ್ತಿ ಬಗ್ಗೆ ನನ್ನದು ಬೇರೆ ಲೆಕ್ಕ. ಹೆಂಗಸರಿಗೆ ಸಹಾಯ ಮಾಡುವುದು ತಪ್ಪು ಅಂತ ನಾನು ಹೇಳುವುದಿಲ್ಲ. ನಮ್ಮ ಮನೆಗೆ ಬರುವ ಕೆಲಸದ ಅಕ್ಕನಿಗೆ ಘಟ್ಟದ ಮೇಲಿನ ತವರಿಗೆ ಹೋಗುವಾಗ ಮಾತ್ರ ಶಕ್ತಿ ಸಿಗುತ್ತದೆ. ದಿನಾ ಹತ್ತುವ ಬಸ್ಸು ಖಾಸಗಿ, ಅಲ್ಲಿ ಪೂರ್ತಿ ಟಿಕೆಟ್. ಅದೇ ಸರ್ಕಾರ ನಿಗಮಕ್ಕೆ ಕೊಡುವ ದುಡ್ಡನ್ನು ಅವಳ ಹೆಸರಿನ ಕಾರ್ಡಿಗೆ ಹಾಕಲಿ. ಯಾವ ಬಸ್ಸು ಬೇಗ ಬರುತ್ತದೋ, ಯಾವ ಕಂಡಕ್ಟರ್ ಮರ್ಯಾದೆಯಿಂದ ಮಾತಾಡುತ್ತಾನೋ, ಅದನ್ನು ಹತ್ತುತ್ತಾಳೆ. ಸಹಾಯ ಬಸ್ಸಿಗೆ ಅಲ್ಲ, ಪ್ರಯಾಣಿಕಳಿಗೆ. ಮಂಗಳೂರು ಸಿಟಿ ಬಸ್ಸಿನಲ್ಲಿ ಚಲೋ ಕಾರ್ಡು ಉಜ್ಜಿ ಗೊತ್ತಿರುವ ಜನರಿಗೆ ಇದು ಹೊಸ ವಿದ್ಯೆ ಅಲ್ಲ.

---

ಹಿಂದಿನ ಬಾಗಿಲು · ಭಾನುವಾರ, ಬೆಳಿಗ್ಗೆ 7:02

ಹನ್ನೊಂದು ವರ್ಷ ಕಂಡಕ್ಟರ್ ಆಗಿದ್ದೆ. ಕಾರ್ಡಿನ ಐಡಿಯಾ ಚಂದ ಉಂಟು. ಆದರೆ ಖಾಲಿ ಬಸ್ಸಿನಲ್ಲಿ ಮನೆಯಲ್ಲಿರುವ ಇಪ್ಪತ್ತು ಹೆಂಗಸರ ಕಾರ್ಡು ಉಜ್ಜಿದರೆ ನೋಡುವವರು ಯಾರು? ಕಾರ್ಡಿನವಳಿಗೆ ಅರ್ಧ, ಬಸ್ಸಿನವನಿಗೆ ಅರ್ಧ. ನಾನೇ ಮಾಡುತ್ತಿದ್ದೆನೋ ಏನೋ.

---

ಒಳದಾರಿ · ಭಾನುವಾರ, ಬೆಳಿಗ್ಗೆ 7:30

ಹ್ಹ ಹ್ಹ. ತಿಂಗಳಿಗೆ ಇಷ್ಟೇ ಅಂತ ಮಿತಿ ಇದ್ದರೆ ಸುಳ್ಳು ಉಜ್ಜಿದ್ದು ಅವಳದೇ ಬಾಕಿಯಿಂದ ಹೋಗುತ್ತದೆ. ಪೂರ್ತಿ ನಿಲ್ಲುವುದಿಲ್ಲ, ಕಡಿಮೆಯಾಗುತ್ತದೆ. ಈ ಪ್ರಶ್ನೆ ಕೇಳಿದ್ದಕ್ಕೆ ಥ್ಯಾಂಕ್ಸ್. ನಾನು ಯೋಚಿಸಿರಲಿಲ್ಲ.

---

ಪಿಗ್ಮಿ ಪುಸ್ತಕ · ಭಾನುವಾರ, ಬೆಳಿಗ್ಗೆ 10:15

ನಿವೃತ್ತ ಬ್ಯಾಂಕಿನವನು. ಬಸ್ಸಿನಿಂದ ಇಳಿದು ಸ್ವಲ್ಪ ನಮ್ಮ ಅಂಗಳಕ್ಕೂ ಬನ್ನಿ. ಮಾರುಕಟ್ಟೆಯ ಹೊಸತನದ ಬಗ್ಗೆ ಮಾತಾಡುವಾಗ ಉಡುಪಿಯವರು ಬ್ಯಾಂಕನ್ನು ಬಿಡುವ ಹಾಗಿಲ್ಲ.

1906 ಒಂದೇ ವರ್ಷದಲ್ಲಿ ಎರಡು. ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮುಂದಾಗಿ ಮಾಡಿದ್ದು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತು. ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಶುರು ಮಾಡಿದರು. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ರೈಲು ಕೂಡ ಸರಿಯಾಗಿ ಇಲ್ಲದ, ಒಂದು ಕಡೆ ಸಮುದ್ರ ಒಂದು ಕಡೆ ಘಟ್ಟ ಇರುವ ಜಿಲ್ಲೆಯಲ್ಲಿ! ಸಿಂಡಿಕೇಟಿನ ಮೂಲ ಬಂಡವಾಳ 8,000 ರೂಪಾಯಿ. ಉಪೇಂದ್ರ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಸೇರಿ ಕೈಮಗ್ಗದವರಿಗೆ ಸಾಲ ಸಿಗಲಿ ಅಂತ ಮಾಡಿದ್ದು.

1928ರಲ್ಲಿ ಸಿಂಡಿಕೇಟಿನದೇ ಪಿಗ್ಮಿ ಠೇವಣಿ. ಜನ ಬ್ಯಾಂಕಿಗೆ ಬರುವುದಿಲ್ಲ, ಹಾಗಾದರೆ ಬ್ಯಾಂಕೇ ಜನರ ಬಾಗಿಲಿಗೆ ಹೋಗಲಿ. ದಿನಕ್ಕೆ ಎರಡಾಣೆ. ಮೀನು ಮಾರುವ ಹೆಂಗಸು, ಬೀಡಿ ಕಟ್ಟುವವಳು, ಗೂಡಂಗಡಿಯವನು. ಈಗ ಮೊಬೈಲಿನಲ್ಲಿ ದಿನದ ಉಳಿತಾಯದ ಆ್ಯಪ್ ಮಾಡಿ ಕ್ರಾಂತಿ ಅನ್ನುತ್ತಾರೆ. ನಮ್ಮ ಏಜೆಂಟ್ ಸೈಕಲ್ಲಿನಲ್ಲಿ ಆ ಕ್ರಾಂತಿ ಮಾಡಿದ್ದ. ಅದಕ್ಕೆ ಯಾವ ಸರ್ಕಾರಿ ನೀತಿಯೂ ಇರಲಿಲ್ಲ.

ಇಲ್ಲಿಯವರೆಗೆ ನಿಮ್ಮ ಪರ. ಈಗ ವಿರುದ್ಧ. 1960ರ ಆಗಸ್ಟಿನಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕ್ ಮುಳುಗಿತು. ಹೆಂಡತಿಯ ಬಳೆ ಮಾರಿ ಇಟ್ಟ ಠೇವಣಿ ಹೋದರೆ ಯಾರನ್ನು ಕೇಳುವುದು? ಅದಾದ ಮೇಲೆಯೇ 1962ರಲ್ಲಿ ಠೇವಣಿ ವಿಮೆ ಬಂದದ್ದು, ಆಗ 1,500 ರೂಪಾಯಿಯವರೆಗೆ. ಈಗ 5 ಲಕ್ಷ. 1969ರ ರಾಷ್ಟ್ರೀಕರಣದ ಹೊತ್ತಿಗೆ ದೇಶದಲ್ಲಿ ಬ್ಯಾಂಕ್ ಶಾಖೆ ಎಂಟು ಸಾವಿರ ಚಿಲ್ಲರೆ. 1990ಕ್ಕೆ ಐವತ್ತೊಂಬತ್ತು ಸಾವಿರ ದಾಟಿತು. ಬಿಹಾರದ ಹಳ್ಳಿಗೆ ಶಾಖೆ ತೆರೆಯಲು ನಮ್ಮ ಹುಡುಗರು ಚಾಪೆ ಹಿಡಿದುಕೊಂಡು ಹೋದರು. ಲಾಭ ನೋಡಿ ಹೋಗುವುದಾದರೆ ಯಾರೂ ಹೋಗುತ್ತಿರಲಿಲ್ಲ. ನಾನೂ.

---

ಒಳದಾರಿ · ಭಾನುವಾರ, ಮಧ್ಯಾಹ್ನ 12:40

ಸರ್, ಸಿಂಡಿಕೇಟ್ 1969ಕ್ಕೆ ಮೊದಲೇ ಹಳ್ಳಿಯ ಬ್ಯಾಂಕ್ ಅಂತ ಹೆಸರು ಮಾಡಿತ್ತಲ್ವಾ? ಹಳ್ಳಿಗೆ ಹೋಗುವುದನ್ನು ಅದಕ್ಕೆ ಯಾರೂ ಕಲಿಸಬೇಕಾಗಿರಲಿಲ್ಲ. ನನಗೆ ಬೇಸರ ಆಗುವುದು ಇಷ್ಟೇ. 50 ಕೋಟಿಗಿಂತ ಜಾಸ್ತಿ ಠೇವಣಿ ಇದ್ದ 14 ಬ್ಯಾಂಕುಗಳನ್ನು ತೆಗೆದುಕೊಂಡರು. ಅದರಲ್ಲಿ ಆಗಿನ ನಮ್ಮ ಒಂದೇ ಜಿಲ್ಲೆಯದ್ದು ಎರಡು. 1980ರಲ್ಲಿ ನಮ್ಮವೇ ಇನ್ನೆರಡು. ಚೆನ್ನಾಗಿ ಬೆಳೆದದ್ದೇ ಅಳತೆಗೋಲು! ಸಣ್ಣದಿದ್ದ ಕರ್ಣಾಟಕ ಬ್ಯಾಂಕ್ ಉಳಿಯಿತು. ಆಮೇಲೆ 2019ರಲ್ಲಿ ವಿಜಯಾ, 2020ರ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬೇರೆ ಬ್ಯಾಂಕುಗಳಲ್ಲಿ ಸೇರಿಹೋದವು. ಹುಟ್ಟಿಸಿದವರು ಊರಿನವರು, ಹೆಸರು ಅಳಿಸಿದ್ದು ದೆಹಲಿಯ ಒಂದು ಆದೇಶ.

ಪಾಲಾಯಿ ವಿಷಯಕ್ಕೆ ನನ್ನ ಬಳಿ ಪೂರ್ತಿ ಉತ್ತರ ಇಲ್ಲ. ಠೇವಣಿ ವಿಮೆ ಇರಲಿ. ವಿಮೆ ಮಾಡುವುದಕ್ಕೆ ಮಾಲೀಕನೇ ಆಗಬೇಕಾ ಅಂತ ಮಾತ್ರ ಕೇಳುತ್ತೇನೆ.

---

ಮಲ್ಪೆ ದಕ್ಕೆ · ಭಾನುವಾರ, ಮಧ್ಯಾಹ್ನ 2:18

ನೀವು ರಸ್ತೆ, ಬ್ಯಾಂಕು ಅಂತ ಮಾತಾಡಿ. ಸಮುದ್ರಕ್ಕೆ ಬನ್ನಿ, ನಿಮ್ಮ ಥಿಯರಿಗೆ ವಾಂತಿ ಬರುತ್ತದೆ.

ಬೋಟು ನನ್ನದು, ಬಲೆ ನನ್ನದು. ಮೀನು ಯಾರದ್ದು? ಹಿಡಿದವನದ್ದು. ಹಾಗಾದರೆ ನಾನು ಇವತ್ತು ಸಣ್ಣ ಬಂಗುಡೆಯನ್ನು ಬಿಟ್ಟರೆ ನಾಳೆ ಪಕ್ಕದ ಬೋಟಿನವನು ಹಿಡಿಯುತ್ತಾನೆ. ನಾನು ಯಾಕೆ ಬಿಡಲಿ? ಎಲ್ಲರೂ ಹೀಗೆ ಯೋಚಿಸಿದ್ದರಿಂದಲೇ ದೊಡ್ಡ ಲೈಟು ಹಾಕಿ ಮೀನು ಸೆಳೆದು ಹಿಡಿಯುವ ಹುಚ್ಚು ಶುರುವಾಯಿತು. 2017ರಲ್ಲಿ ಕೇಂದ್ರ ನಿಷೇಧಿಸಿತು. ಕದ್ದು ಮಾಡುವವರು ಈಗಲೂ ಇದ್ದಾರೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟು ಕಡಲಿಗೆ ಇಳಿಯುವ ಹಾಗಿಲ್ಲ. ಆ ನಿಯಮ ತೆಗೆದರೆ ಮೊದಲ ದಿನ ಬೋಟು ಇಳಿಸುವವನು ನಾನೇ, ಐದು ವರ್ಷದಲ್ಲಿ ದಿವಾಳಿಯಾಗುವವನೂ ನಾನೇ.

ಇಲ್ಲಿ ಸರ್ಕಾರ ಇಲ್ಲದಿದ್ದರೆ ಮಾರುಕಟ್ಟೆಯಲ್ಲಿ ಮಾರಲಿಕ್ಕೆ ಮೀನೇ ಇರುವುದಿಲ್ಲ ಅಣ್ಣಾ.

---

ಒಳದಾರಿ · ಭಾನುವಾರ, ಮಧ್ಯಾಹ್ನ 3:00

ಒಡೆತನ ಇಲ್ಲದ ಕಡೆ ಮಾರುಕಟ್ಟೆ ಕೆಲಸ ಮಾಡುವುದಿಲ್ಲ. ಅದನ್ನು ಮುಕ್ತ ಮಾರುಕಟ್ಟೆಯವರೇ ಮೊದಲು ಒಪ್ಪುತ್ತಾರೆ. ನ್ಯೂಜಿಲೆಂಡಿನಲ್ಲಿ 1986ರಿಂದ ಕೋಟಾ ಪದ್ಧತಿ ಉಂಟು. ವರ್ಷಕ್ಕೆ ಒಟ್ಟು ಎಷ್ಟು ಹಿಡಿಯಬಹುದು ಅಂತ ನಿಗದಿ ಮಾಡಿ, ಅದರ ಪಾಲನ್ನು ಮೀನುಗಾರರಿಗೆ ಹಂಚುತ್ತಾರೆ. ಪಾಲನ್ನು ಮಾರಬಹುದು, ಕೊಳ್ಳಬಹುದು. ಮೀನು ಹೆಚ್ಚಾದರೆ ಪಾಲಿನ ಬೆಲೆ ಹೆಚ್ಚು. ಆಗ ಸಣ್ಣ ಮೀನು ಬಿಡುವುದು ಲಾಭ.

---

ಮಲ್ಪೆ ದಕ್ಕೆ · ಭಾನುವಾರ, ಮಧ್ಯಾಹ್ನ 3:25

ಅವರ ಸಮುದ್ರ ತಣ್ಣಗೆ. ಒಂದು ಬಲೆಗೆ ಒಂದೆರಡು ಜಾತಿ ಮೀನು. ನಮ್ಮ ಬಲೆ ಒಮ್ಮೆ ಎಳೆದರೆ ಬೂತಾಯಿ, ಬಂಗುಡೆ, ಮದಿಮಾಲ್, ಬೊಂಡಾಸ್, ಸಿಗಡಿ, ಹೆಸರೇ ಇಲ್ಲದ ಕಸ, ಎಲ್ಲಾ ಒಟ್ಟಿಗೆ. ಬಂಗುಡೆ ಕೋಟಾ ಮುಗಿಯಿತು ಅಂತ ಬಂಗುಡೆಗೆ ಹೇಳುತ್ತೀರಾ, ನೀನು ಬಲೆಗೆ ಬರಬೇಡ ಅಂತ?

(ನಮಗೆ ತೆರಿಗೆ ಇಲ್ಲದ ಡೀಸೆಲ್ ಸಿಗುತ್ತದೆ, ಅದನ್ನು ಎತ್ತುವವರಿದ್ದೀರಿ. ಅದಕ್ಕೆ ಮೊದಲೇ ಹೇಳಿದೆ.)

---

ಒಳದಾರಿ · ಭಾನುವಾರ, ಮಧ್ಯಾಹ್ನ 3:31

ಸೋತೆ. ಬಂಗುಡೆಗೆ ಹೇಳಲು ಆಗುವುದಿಲ್ಲ.

---

ಗಾಂಧೋಳಿ · ಭಾನುವಾರ, ಸಂಜೆ 6:44

ನಾನು ಹೆಂಗಸು, ಸಣ್ಣ ಉದ್ಯಮ. ಮಂಗಳೂರಿನಲ್ಲಿ ಮಸಾಲೆ ಪುಡಿ ಮಾಡುತ್ತೇನೆ. ಕೋರಿ ರೊಟ್ಟಿ ಪುಡಿ, ಗಸಿ ಪುಡಿ, ಸಾರಿನ ಪುಡಿ. ಎಲ್ಲರೂ ದೊಡ್ಡ ದೊಡ್ಡದು ಮಾತಾಡಿದಿರಿ, ನಾನು ಸಣ್ಣದು ಹೇಳುತ್ತೇನೆ.

ಸರ್ಕಾರದಿಂದ ನನಗೆ ನಿಜವಾಗಿ ಉಪಯೋಗ ಆದದ್ದು ಯಾವುದು ಗೊತ್ತಾ? ಆಹಾರದ ನೋಂದಣಿ. ನಾನು ಮಾಡಿಸಿದಾಗ ವರ್ಷದ ವಹಿವಾಟು 12 ಲಕ್ಷದ ಒಳಗಿದ್ದವರಿಗೆ ವರ್ಷಕ್ಕೆ 100 ರೂಪಾಯಿ ಇತ್ತು. ಮನೆಯಲ್ಲೇ ಕೂತು ಮಾಡಿದೆ, ಮುಗಿಯಿತು. ಪ್ಯಾಕೆಟ್ ಮೇಲೆ ಆ ನಂಬರ್ ಬಿದ್ದ ಮೇಲೆ ಅಂಗಡಿಯವರು ತೆಗೆದುಕೊಂಡರು. ಸಮಯ ಹಾಳಾದದ್ದು ಸಬ್ಸಿಡಿಯಲ್ಲಿ. ಒಂದು ಯೋಜನೆಗೆ ಅರ್ಜಿ ಹಾಕಿ ಪ್ರಾಜೆಕ್ಟ್ ರಿಪೋರ್ಟ್, ಕೊಟೇಶನ್, ಮತ್ತೊಂದು ಸಹಿ ಅಂತ ಐದು ತಿಂಗಳು ತಿರುಗಿದೆ. ಆ ಐದು ತಿಂಗಳಲ್ಲಿ ಹೊಸ ಪುಡಿ ಒಂದೂ ಮಾಡಲಿಲ್ಲ. ಮೆಷಿನ್ ಕೊನೆಗೆ ನನ್ನದೇ ದುಡ್ಡಿನಲ್ಲಿ ತಂದೆ.

ಇನ್ನೊಂದು. ನಮ್ಮೂರಿನ ಐಸ್‌ಕ್ರೀಂ ಕಥೆ ಯಾರೂ ಹೇಳಲಿಲ್ಲ. ಸಣ್ಣ ಕೈಗಾರಿಕೆಗೆ ಮೀಸಲು ಅಂತ ಒಂದು ಪಟ್ಟಿ ಇತ್ತು, 1967ರಲ್ಲಿ ಶುರುವಾಗಿ ಒಂದು ಕಾಲಕ್ಕೆ 800ಕ್ಕೂ ಹೆಚ್ಚು ವಸ್ತು ಅದರಲ್ಲಿದ್ದವು. ದೊಡ್ಡ ಕಂಪನಿ ಅದನ್ನು ಮಾಡುವ ಹಾಗಿಲ್ಲ. ಐಸ್‌ಕ್ರೀಂ ಕೂಡ ಅದರಲ್ಲಿತ್ತು. 1997ರಲ್ಲಿ ತೆಗೆದರು. ದೊಡ್ಡವರು ಬಂದರು, ಊರಿನ ಐಸ್‌ಕ್ರೀಂ ಕಥೆ ಮುಗಿಯಿತು ಅಂದರು. ನಮ್ಮ ಐಡಿಯಲ್ 1975ರಲ್ಲಿ ಶುರುವಾದದ್ದು. ಮುಗಿಯಿತಾ? ಶನಿವಾರ ಸಂಜೆ ಹೋಗಿ ನೋಡಿ, ಗಡ್‌ಬಡ್‌ಗೆ ಕೂರಲು ಜಾಗ ಸಿಕ್ಕಿದರೆ ಹೇಳಿ. ಮೀಸಲಾತಿ ಇದ್ದಾಗ ಸಣ್ಣದಾಗಿಯೇ ಇರಬೇಕಿತ್ತು, ಬೆಳೆದರೆ ಪಟ್ಟಿಯಿಂದ ಹೊರಗೆ. ಮಕ್ಕಳು ಎತ್ತರ ಆಗಬಾರದು ಅಂತ ಮನೆಯ ಮಾಡು ತಗ್ಗಿಸಿ ಕಟ್ಟಿದ ಹಾಗೆ.

---

ಸ್ಟೇಟ್‌ಬ್ಯಾಂಕ್ ಸ್ಟಾಪ್ · ಭಾನುವಾರ, ಸಂಜೆ 7:10

ಅಕ್ಕಾ, ಗಸಿ ಪುಡಿ ಎಲ್ಲಿ ಸಿಗುತ್ತದೆ?

---

ನಿರ್ವಾಹಕ ಮಂಡಳಿ · ಭಾನುವಾರ, ಸಂಜೆ 7:22

ಮಾರಾಟದ ವಿವರ ಬೇರೆ ವಿಭಾಗದಲ್ಲಿ ಹಾಕಿ. ಪಕ್ಷದ ಹೆಸರು ಎತ್ತಿದ ಎರಡು ಪೋಸ್ಟ್ ತೆಗೆದಿದ್ದೇವೆ.

---

ಚಾಲಿ · ಭಾನುವಾರ, ರಾತ್ರಿ 8:35

ಒಳದಾರಿಯವರೇ, ನಿಮಗೆ ಅಡಿಕೆ ತೋಟ ಉಂಟಾ? ಉಂಟು ಅಂತ ಅಂದುಕೊಂಡು ಕೇಳುತ್ತೇನೆ. ಕಾರ್ಕಳದ ಒಳ ಊರಿನವರಿಗೆ ಇಲ್ಲದೆ ಇರುತ್ತದಾ?

2023ರ ಫೆಬ್ರವರಿಯಲ್ಲಿ ಕೇಂದ್ರ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿತು. ಅದಕ್ಕಿಂತ ಕಡಿಮೆ ಬೆಲೆಯ ವಿದೇಶಿ ಅಡಿಕೆ ಒಳಗೆ ಬರುವ ಹಾಗಿಲ್ಲ. ಮೇಲಿಂದ 100 ಶೇಕಡಾ ಸುಂಕ. ಇದು ನಿಮ್ಮ ಬಸ್ಸಿನ ಆಕ್ಷೇಪಕ್ಕಿಂತ ಹೇಗೆ ಬೇರೆ? "ಈ ದಾರಿಯಲ್ಲಿ ಸಾಕಷ್ಟು ಅಡಿಕೆ ಉಂಟು, ಇನ್ನೊಂದು ಬೇಡ" ಅಂತ ತಾನೇ?

ತೆಗೆಯಬೇಕಾ ಬೇಡವಾ? ಒಂದೇ ಶಬ್ದದಲ್ಲಿ ಹೇಳಿ.

---

ಎರಡು ಬಸ್ಸು · ಭಾನುವಾರ, ರಾತ್ರಿ 8:37

ನಾನು ಕುರ್ಚಿ ಎಳೆದು ಕೂತೆ.

---

ಒಳದಾರಿ · ಭಾನುವಾರ, ರಾತ್ರಿ 10:58

ಎರಡು ಗಂಟೆ ಬೇಕಾಯಿತು ಉತ್ತರ ಬರೆಯಲು. ಎರಡು ಸಲ ಬರೆದು ಅಳಿಸಿದೆ.

ತೋಟ ಉಂಟು. ಎರಡು ಎಕರೆ. ಮಳೆಗಾಲದಲ್ಲಿ ಮದ್ದು ಬಿಡುವವರು ಸಿಗದೆ, ಸಿಕ್ಕಿದ ದಿನ ಮಳೆ ಬಿಡದೆ, ಕೊಳೆರೋಗಕ್ಕೆ ಅರ್ಧ ಉದುರಿದ ವರ್ಷಗಳೂ ಉಂಟು. ಹೊರಗಿನ ಅಡಿಕೆ ಸಲೀಸಾಗಿ ಬಂದರೆ ನಮ್ಮ ಚಾಲಿಗೆ, ಅಂದರೆ ಒಣಗಿಸಿ ಸುಲಿದ ಅಡಿಕೆಗೆ, ಈಗಿನ ಬೆಲೆ ನಿಲ್ಲುವುದಿಲ್ಲ. ನನ್ನ ಮಗಳ ಕಾಲೇಜು ಫೀಸು ಆ ಬೆಲೆಯ ಮೇಲೆ ನಿಂತಿದೆ.

ಒಂದೇ ಶಬ್ದದಲ್ಲಿ ಹೇಳಬೇಕಾದರೆ, ತೆಗೆಯಬೇಕು. ಎರಡು ಶಬ್ದಕ್ಕೆ ಅವಕಾಶ ಕೊಟ್ಟರೆ, ನಿಧಾನವಾಗಿ ತೆಗೆಯಬೇಕು. ಹೀಗೆ ಹೇಳುವಾಗ ನನಗೆ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ ಅಂತಲೂ ಬರೆಯುತ್ತೇನೆ. ಮದುವೆ ಮನೆಯಲ್ಲಿ ಆ ಮಾಲೀಕರು ಪಾಯಸ ತಿನ್ನುತ್ತಾ ಹೇಳಿದ್ದನ್ನು ನಾನು ತೋಟದ ಕಟ್ಟೆಯಲ್ಲಿ ಕೂತು ಹೇಳುತ್ತಿದ್ದೆ, ಅಷ್ಟೇ ವ್ಯತ್ಯಾಸ.

ಇನ್ನೂ ಒಂದು ಮಾತು. ಆ ಗೋಡೆ ಎತ್ತರ ಆದಷ್ಟೂ ಕಳ್ಳಸಾಗಣೆಯ ಲಾಭ ಜಾಸ್ತಿ. ಮ್ಯಾನ್ಮಾರ್ ಗಡಿಯಿಂದ ಅಡಿಕೆ ಲಾರಿ ಲಾರಿ ಬರುವ ಸುದ್ದಿ ನಾವೆಲ್ಲ ಓದುತ್ತೇವೆ. ತೆರಿಗೆ ಕಟ್ಟಿ ಬರಬೇಕಾದದ್ದು ಕತ್ತಲಲ್ಲಿ ಬರುತ್ತದೆ. ಮತ್ತೆ, ಬೆಲೆ ಚೆನ್ನಾಗಿದ್ದರಿಂದ ಗದ್ದೆಗೂ ಅಡಿಕೆ ಬಂತು, ಘಟ್ಟದ ಮೇಲೆ ಬಯಲಿಗೂ ಬಂತು. ನಾಳೆ ಬೆಲೆ ಬೀಳಿಸುವುದು ಇಂಡೋನೇಷ್ಯಾ ಅಲ್ಲ, ಚನ್ನಗಿರಿ, ಹಿರಿಯೂರು. ಅದಕ್ಕೆ ಯಾವ ಆಮದು ಬೆಲೆ ಹಾಕುತ್ತೀರಿ?

ನಮ್ಮನ್ನು ನಿಜವಾಗಿ ಉಳಿಸಿದ್ದು ಬೇರೆ. ಮರ ಹತ್ತುವವರು ಸಿಗದಾದಾಗ ಕಾರ್ಬನ್ ಫೈಬರಿನ ಉದ್ದ ಕೋಲು, ಅಂದರೆ ದೋಟಿ, ಬಂತು. ನೆಲದಲ್ಲೇ ನಿಂತು ಅಡಿಕೆ ಗೊನೆ ಕೊಯ್ಯುತ್ತೇವೆ, ಮದ್ದೂ ಬಿಡುತ್ತೇವೆ. ನನ್ನ ತೋಟಕ್ಕೆ ಈಗ ಇಬ್ಬರು ಹುಡುಗರು ದೋಟಿ ಹಿಡಿದು ಬೈಕಿನಲ್ಲಿ ಬರುತ್ತಾರೆ, ದಿನಕ್ಕೆ ಇಷ್ಟು ಅಂತ ರೇಟು. ಅವರಿಗೆ ಯಾರೂ ಪರ್ಮಿಟ್ ಕೇಳಲಿಲ್ಲ.

---

ಚಾಲಿ · ಭಾನುವಾರ, ರಾತ್ರಿ 11:15

ಒಪ್ಪಿಕೊಂಡಿರಲ್ಲ, ಅದು ದೊಡ್ಡದು. ಆದರೆ ದೋಟಿಗೂ ಮೊದಲು ಅಡಿಕೆ ಬೆಳೆಗಾರರ ಸಹಕಾರಿ ಸಂಘ ಕ್ಯಾಂಪ್ಕೋ ಇತ್ತು. 1970ರ ಆಸುಪಾಸಿನಲ್ಲಿ ಬೆಲೆ ಬಿದ್ದು ಬೆಳೆಗಾರರು ನೆಲ ಕಚ್ಚಿದಾಗ 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರು ಮುಂದೆ ನಿಂತು ಕಟ್ಟಿದ್ದು. ಕೊಕ್ಕೋ ಕೊಳ್ಳುವವರಿಲ್ಲದಾಗ ಅದನ್ನೂ ಕೊಂಡು 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಫ್ಯಾಕ್ಟರಿ ಹಾಕಿದರು. ಅದು ಮಾರುಕಟ್ಟೆಯಾ, ಸರ್ಕಾರವಾ?

---

ಒಳದಾರಿ · ಸೋಮವಾರ, ಬೆಳಿಗ್ಗೆ 6:20

ಸದಸ್ಯರು ತಾವಾಗಿ ಸೇರಿದ್ದು. ಬೇಡ ಅಂದರೆ ಪೇಟೆಯ ಖಾಸಗಿ ವ್ಯಾಪಾರಿಗೆ ಮಾರಬಹುದು, ನಾನು ಎಷ್ಟೋ ಸಲ ಮಾರಿದ್ದೇನೆ. ಬಿಡುವ ಸ್ವಾತಂತ್ರ್ಯ ಇರುವವರೆಗೆ ಅದು ನನ್ನ ಲೆಕ್ಕದಲ್ಲಿ ಮಾರುಕಟ್ಟೆಯೇ.

---

ಗೇಣಿ ಚೀಟಿ · ಸೋಮವಾರ, ಬೆಳಿಗ್ಗೆ 9:05

ಎಲ್ಲಾ ಓದಿದೆ. ಒಂದು ವಿಷಯ ಎಲ್ಲರೂ ದಾಟಿ ಹೋದಿರಿ. ಒಡೆತನ, ಒಡೆತನ ಅನ್ನುತ್ತೀರಲ್ಲ, ಆ ಒಡೆತನ ಎಲ್ಲಿಂದ ಬಂತು?

ನನ್ನ ಅಜ್ಜ ಒಕ್ಕಲು. ಗೇಣಿ ಅಳೆದು ಉಳಿದದ್ದು ಊಟಕ್ಕೆ. ಭೂಸುಧಾರಣಾ ಕಾಯ್ದೆಗೆ 1974ರ ತಿದ್ದುಪಡಿ ಬಂದ ಮೇಲೆ, ಉಳುವ ಜಾಗ ನಮಗೆ ಕೊಡಿ ಅಂತ ಡಿಕ್ಲರೇಶನ್ ಹಾಕಿದರು. ಧಣಿಗಳ ಮನೆಯ ಅಂಗಳಕ್ಕೆ ಹೋಗುವುದೇ ನಿಂತಿತು, ಅಷ್ಟು ಹೆದರಿಕೆ. ಟ್ರಿಬ್ಯೂನಲ್ಲಿನಲ್ಲಿ ಜಾಗ ಆಯಿತು. ಆ ಜಾಗದಿಂದ ಅಪ್ಪ ಓದಿದರು, ನಾನು ಇಂಜಿನಿಯರ್ ಆದೆ. ನಿಮ್ಮ ಮಾರುಕಟ್ಟೆ ನನ್ನ ಅಜ್ಜನಿಗೆ ನೂರು ವರ್ಷದಲ್ಲಿ ಒಂದು ಸೆಂಟ್ಸ್ ಕೊಟ್ಟಿರಲಿಲ್ಲ. ಸರ್ಕಾರದ ಒಂದು ಕಾನೂನು ಕೊಟ್ಟಿತು.

---

ಒಳದಾರಿ · ಸೋಮವಾರ, ಬೆಳಿಗ್ಗೆ 9:48

ನಮ್ಮದೂ ಡಿಕ್ಲರೇಶನ್ ಜಾಗವೇ. ಅಕ್ಕನ ಮಗನ ಬಸ್ಸಿನ ಸಾಲಕ್ಕೆ ಅಡವಿಡಲು ಹೊರಟದ್ದು ಅದನ್ನೇ. ಹಾಗಾಗಿ ನಿಮ್ಮ ಎದುರು ದೊಡ್ಡ ಮಾತು ಆಡುವುದಿಲ್ಲ.

ಒಂದೇ ಒಂದು ಸೇರಿಸುತ್ತೇನೆ. ಜಾಗ ಕೊಟ್ಟ ಅದೇ ಸರ್ಕಾರ, ಅದೇ ಕಾಯ್ದೆಯಲ್ಲಿ 79ಎ, 79ಬಿ ಅಂತ ಸೆಕ್ಷನ್ ಹಾಕಿ, ಕೃಷಿಕ ಅಲ್ಲದವನಿಗೆ ಮಾರುವ ಹಾಗಿಲ್ಲ ಅಂದಿತು. 2020ರವರೆಗೂ. ಒಡೆಯ ಅಂದರು, ಆದರೆ ಯಾರಿಗೆ ಮಾರಬೇಕು ಅಂತ ಅವರೇ ಹೇಳಿದರು.

---

ಗೇಣಿ ಚೀಟಿ · ಸೋಮವಾರ, ಬೆಳಿಗ್ಗೆ 10:02

ತೆಗೆದ ಮೇಲೆ ನಮ್ಮ ಗುಡ್ಡೆಯೆಲ್ಲ ಬೆಂಗಳೂರಿನವರ ವೀಕೆಂಡ್ ಮನೆ ಆಯಿತು. ಅದೂ ಬರೆಯಿರಿ.

---

ಎರಡು ಬಸ್ಸು · ಸೋಮವಾರ, ರಾತ್ರಿ 9:30

ಒಳದಾರಿಯವರೇ, ಇಷ್ಟು ಚರ್ಚೆ ಆದ ಮೇಲೆ ಕೇಳುತ್ತೇನೆ. ನಿಮ್ಮ ಹುಡುಗ ಕೇಳಿದ ಬೆಳಗಿನ ಟೈಮ್ ಎಷ್ಟು? ಮೇನ್ ರೋಡಿಗೆ ಎಷ್ಟಕ್ಕೆ ಮುಟ್ಟುತ್ತದೆ?

---

ಒಳದಾರಿ · ಸೋಮವಾರ, ರಾತ್ರಿ 9:34

7:20ಕ್ಕೆ ಮೇನ್ ರೋಡು. ಎರಡನೆಯದು 8:35.

---

ಎರಡು ಬಸ್ಸು · ಸೋಮವಾರ, ರಾತ್ರಿ 9:41

ಹಾಗಾದರೆ ಆ ಎರಡನೇ ಆಕ್ಷೇಪ ನನ್ನದೇ. ಹೆಸರು ನೋಡದೆ ವಕೀಲರು ಹಾಕಿದ್ದು. ನನ್ನದು 7:25. ಐದು ನಿಮಿಷ ಮುಂದೆ ನಿಮ್ಮವನು ಹೋದರೆ ಆರು ಕಿಲೋಮೀಟರಿನ ಸ್ಟಾಪೆಲ್ಲ ಗುಡಿಸಿಕೊಂಡು ಹೋಗುತ್ತಾನೆ. 7:35 ಮಾಡಲಿ. 8:35ಕ್ಕೆ ನನ್ನ ತಕರಾರಿಲ್ಲ.

---

ಒಳದಾರಿ · ಸೋಮವಾರ, ರಾತ್ರಿ 9:44

7:35 ಆದರೆ ಫ್ಯಾಕ್ಟರಿಯ ಹೆಂಗಸರಿಗೆ ಸೈರನ್ ಆಗುತ್ತದೆ. 7:15?

---

ಎರಡು ಬಸ್ಸು · ಸೋಮವಾರ, ರಾತ್ರಿ 9:52

7:10. ಮತ್ತೆ ಮೇನ್ ರೋಡಿನಲ್ಲಿ ಪೆಟ್ರೋಲ್ ಬಂಕಿನ ಸ್ಟಾಪಿನಲ್ಲಿ ನಿಲ್ಲಿಸುವ ಹಾಗಿಲ್ಲ. ನಾಳೆ ಹುಡುಗನನ್ನು ಕಳಿಸಿ, ಫೋನಿನಲ್ಲಿ ಬೇಡ.